ತಿದ್ದುವ ಮುನ್ನ, ತಿದ್ದಿದ ಮೇಲೆ

ಸ್ಮರಣ ಸಂಚಿಕೆಯ ಸಂಪಾದಕ ಮಂಡಲಿಯವರು ನನ್ನಿಂದ ಲೇಖನವೊಂದನ್ನು ಅಪೇಕ್ಷಿಸಿದಾಗ ಸಂತೋಷದೊಡನೆ ಸಂಕೋಚವೂ ಆಯಿತು. ಈ ಶಾಲೆಯಲ್ಲಿ ಓದಿ ಅಧ್ಯಾಪಕರಾಗಿ, ವೈದ್ಯರಾಗಿ, ಅಧಿಕಾರಿಗಳಾಗಿ ಹೆಸರು ಪಡೆದವರು ಅನೇಕರಿದ್ದಾರೆ. ನಾನಾದರೋ ತಾಲ್ಲೂಕು ಕೇಂದ್ರವೊಂದರ ಪೇಟೆ ಬೀದಿಯಲ್ಲಿ ಬಹುಕಾಲ ಫೋಟೋ ಸ್ಟುಡಿಯೋ ನಡೆಸಿದವನು. ಲೇಖನಿಗಿಂತ ಕ್ಯಾಮೆರಾ ನನ್ನ ಕೈಗೆ ಹೆಚ್ಚು ಪರಿಚಿತವಾದದ್ದು. ಆದರೂ ಈ ಸಂಚಿಕೆಗಾಗಿ ಶಾಲೆಯ ಹಳೆಯ ಛಾಯಾಚಿತ್ರಗಳ ಪ್ರತಿ ತೆಗೆದು ಸರಿಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಆ ಕೆಲಸದ ನಡುವೆ ಎದ್ದ ಒಂದು ಪ್ರಶ್ನೆಯನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಪ್ರಶ್ನೆ ಸರಳವಾದದ್ದು. ಒಂದು ಛಾಯಾಚಿತ್ರವನ್ನು ತಿದ್ದಿ ಅಂದಗೊಳಿಸಿ ಜನರಿಗೆ ತೋರಿಸುವಾಗ, ತಿದ್ದುವ ಮುನ್ನಿನ ಚಿತ್ರವನ್ನು ಏನು ಮಾಡಬೇಕು? ಅದನ್ನು ಬದಿಗಿಟ್ಟು ಮರೆಯಬಹುದೇ? ಅಥವಾ ಎರಡನ್ನೂ ಒಟ್ಟಿಗೆ ತೋರಿಸಬೇಕೇ? ಹಾಗೆ ತೋರಿಸುವುದಾದರೆ ಯಾವ ರೀತಿಯಲ್ಲಿ ತೋರಿಸಿದರೆ ಅದು ಪ್ರಾಮಾಣಿಕವಾದೀತು? ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಒಂದು ಕ್ಯಾಮೆರಾ ಇದೆ. ಪ್ರತಿಯೊಂದು ಕ್ಯಾಮೆರಾದಲ್ಲಿಯೂ ತಿದ್ದುವ ಸಾಧನವಿದೆ. ಆದ್ದರಿಂದ ಇದು ಕೇವಲ ಛಾಯಾಗ್ರಾಹಕರ ಪ್ರಶ್ನೆಯಾಗಿ ಉಳಿದಿಲ್ಲ.

ತಿದ್ದುವಿಕೆಯೆಂಬುದು ಗಣಕಯಂತ್ರದೊಡನೆ ಬಂದ ಪಿಡುಗೆಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ನಾನು ಕೆಲಸ ಕಲಿಯಲು ಸೇರಿದ ಸ್ಟುಡಿಯೋದಲ್ಲಿ ಕಿಟಕಿಯ ಬಳಿ ಇಳಿಜಾರಾದ ಒಂದು ಮರದ ಮೇಜಿತ್ತು. ಅದರ ನಡುವೆ ಮಸುಕು ಗಾಜು. ಕೆಳಗೆ ಬೆಳಕನ್ನು ಮೇಲಕ್ಕೆ ಹಾಯಿಸುವ ಕನ್ನಡಿ. ನೆಗೆಟಿವ್ವನ್ನು ಆ ಗಾಜಿನ ಮೇಲಿಟ್ಟು, ಪೆನ್ಸಿಲ್ ಹಿಡಿಯುವಂತೆ ಅದರ ಮೈಗೆ ತೆಳುವಾದ ವಾರ್ನಿಷ್ ಸವರಿ, ಸೂಜಿಯಂತೆ ಚೂಪು ಮಾಡಿದ ಗಟ್ಟಿ ಸೀಸದ ಪೆನ್ಸಿಲ್ಲಿನಿಂದ ಚುಕ್ಕೆ ಚುಕ್ಕೆಯಾಗಿ ತುಂಬಬೇಕಾಗಿತ್ತು. ನೆಗೆಟಿವ್ವಿನಲ್ಲಿ ಎಲ್ಲವೂ ತಿರುಗುಮುರುಗು. ಮುಖದ ಮೇಲಿನ ಕಪ್ಪು ಕಲೆ ಅಲ್ಲಿ ತಿಳಿಯಾಗಿ ಕಾಣುತ್ತದೆ. ಆ ಜಾಗದಲ್ಲಿ ಸೀಸ ತುಂಬಿದರೆ ಮುದ್ರಿತ ಚಿತ್ರದಲ್ಲಿ ಕಲೆ ಮಾಯವಾಗುತ್ತದೆ. ಬೆಳ್ಳಗಿರುವುದನ್ನು ಕಪ್ಪಾಗಿಸಲು ಮಾತ್ರ ಪೆನ್ಸಿಲ್ ಸಾಲದು. ಹರಿತವಾದ ಸಣ್ಣ ಚೂರಿಯಿಂದ ನೆಗೆಟಿವ್ವಿನ ಲೇಪವನ್ನು ಉಸಿರು ಹಿಡಿದು ಕೆರೆಯಬೇಕು. ಒಂದು ಗೆರೆ ಹೆಚ್ಚಾಯಿತೆಂದರೆ ಆ ನೆಗೆಟಿವ್ ಮತ್ತೆ ಸರಿಹೋಗುವಂತಿಲ್ಲ.

ಅಂದಿನ ದಿನಗಳಲ್ಲಿ ನಮ್ಮ ಸ್ಟುಡಿಯೋಕ್ಕೆ ಈ ಕೆಲಸ ಧಾರಾಳವಾಗಿ ದೊರೆಯುತ್ತಿದ್ದುದಕ್ಕೆ ಮುಖ್ಯ ಕಾರಣ ಸಿಡುಬು. ಭಾರತದಲ್ಲಿ ಈ ರೋಗದ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ; ದೇಶವು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಣೆಯಾದದ್ದು 1977ರಲ್ಲಿ. ರೋಗ ತೊಲಗಿದರೂ ಅದು ಬಿಟ್ಟುಹೋದ ಗುಳಿಗಳು ಒಂದಿಡೀ ಪೀಳಿಗೆಯ ಮುಖದ ಮೇಲೆ ಉಳಿದವು. ಮದುವೆಗೆ ಬಂದ ಹೆಣ್ಣುಮಕ್ಕಳ ಚಿತ್ರ ತೆಗೆಸಲು ಬಂದ ತಂದೆತಾಯಿಗಳು ಮೆಲುದನಿಯಲ್ಲಿ ಕೇಳುತ್ತಿದ್ದುದು ಒಂದೇ ಮಾತು: ಕಲೆ ಕಾಣಬಾರದು.

ನನ್ನ ಗುರುಗಳಾದ ಸ್ಟುಡಿಯೋದ ಯಜಮಾನರು ಈ ಬೇಡಿಕೆಯನ್ನು ಎಂದೂ ನಿರಾಕರಿಸಲಿಲ್ಲ. ಆದರೆ ಅವರಲ್ಲಿ ಒಂದು ಪದ್ಧತಿಯಿತ್ತು. ಪೆನ್ಸಿಲ್ ಹಿಡಿಯುವುದಕ್ಕೆ ಮೊದಲು, ಬ್ರೋಮೈಡ್ ಕಾಗದದ ಉಳಿಕೆ ತುಂಡೊಂದರ ಮೇಲೆ ತಿದ್ದದ ನೆಗೆಟಿವ್ವಿನ ನೇರ ಅಚ್ಚು ತೆಗೆದು, ಅದೇ ಸಂಖ್ಯೆ ಬರೆದು, ನೆಗೆಟಿವ್ ಇಡುವ ಲಕೋಟೆಯಲ್ಲಿಯೇ ಸೇರಿಸಿ ಇಡುತ್ತಿದ್ದರು. ಇಷ್ಟೊಂದು ಕಾಗದವನ್ನು ಏಕೆ ವ್ಯರ್ಥ ಮಾಡಬೇಕೆಂದು ನಾನೊಮ್ಮೆ ಕೇಳಿದೆ. “ನಾವು ಏನ್ ತಗದೇವಿ ಅನ್ನೂದು ನಾಳೆ ಯಾರರ ಕೇಳಿದ್ರ ತೋರಸಾಕ ಬರಬೇಕು” ಎಂದಷ್ಟೇ ಹೇಳಿ ಅವರು ಕೆಲಸಕ್ಕೆ ತಿರುಗಿದರು. ಒಮ್ಮೆ ಒಬ್ಬ ರೈತರು ಮಗಳ ಚಿತ್ರದ ಎರಡು ಪ್ರತಿಗಳನ್ನು ಕೇಳಿದರು. ತಿದ್ದಿದ್ದನ್ನು ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿಕೊಂಡರು. ತಿದ್ದದ್ದನ್ನು ವರನ ಮನೆಗೆ ಕಳುಹಿಸಿದರು. ಯಾವುದನ್ನು ಎಲ್ಲಿಡಬೇಕು ಎಂಬುದನ್ನು ಶಾಲೆಯ ಮೆಟ್ಟಿಲು ಹತ್ತದ ಆ ಹಿರಿಯರು ಅರಿತಿದ್ದರು. ತಿದ್ದುವಿಕೆಯ ನೀತಿಯ ಬಗ್ಗೆ ಮುಂದೆ ನಾನು ಓದಿದ ಯಾವ ಪುಸ್ತಕವೂ ಇದಕ್ಕಿಂತ ಹೆಚ್ಚಿನದನ್ನು ನನಗೆ ಕಲಿಸಲಿಲ್ಲ.

ಕುತೂಹಲದ ಸಂಗತಿಯೆಂದರೆ, ತಿದ್ದಿದ ಚಿತ್ರವು ಜಗತ್ತಿಗೆ ಮೊದಲು ಪರಿಚಯವಾದದ್ದೇ ತಿದ್ದದ ಚಿತ್ರದ ಜೊತೆಯಲ್ಲಿ. ಮ್ಯೂನಿಕ್ ನಗರದ ಫ್ರಾಂಜ್ ಹಾನ್ಫ್‌ಸ್ಟೇಂಗಲ್ ಎಂಬ ಛಾಯಾಗ್ರಾಹಕನು 1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಒಂದೇ ಭಾವಚಿತ್ರದ ಎರಡು ಪ್ರತಿಗಳನ್ನು, ನೆಗೆಟಿವ್ ತಿದ್ದುವ ಮೊದಲಿನದನ್ನೂ ತಿದ್ದಿದ ಮೇಲಿನದನ್ನೂ, ಜೊತೆಯಾಗಿಟ್ಟು ತೋರಿಸಿದನೆಂದು ಛಾಯಾಚಿತ್ರಣದ ಇತಿಹಾಸಕಾರರು ಬರೆದಿದ್ದಾರೆ. ನೋಡಿದವರು ಬೆರಗಾದರು. ಆದರೆ ಯಾರೂ ಮೋಸಹೋಗಲಿಲ್ಲ, ಏಕೆಂದರೆ ಎರಡೂ ಕಣ್ಣೆದುರಿಗಿದ್ದವು. ಅನಂತರದ ವರ್ಷಗಳಲ್ಲಿ ಎರಡನೆಯದು ಮಾತ್ರ ಉಳಿದು ಮೊದಲನೆಯದು ತೆರೆಮರೆಗೆ ಸರಿಯಿತು. ಅನರ್ಥವೆಲ್ಲ ಆರಂಭವಾದದ್ದು ಅಲ್ಲಿಂದ.

ಇದಕ್ಕೆ ದೂರದ ಉದಾಹರಣೆಗಳು ಬೇಕಾಗಿಲ್ಲ. ಅಮೆರಿಕದ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯು 1982ರ ಫೆಬ್ರವರಿ ಸಂಚಿಕೆಯಲ್ಲಿ ಗೀಜಾದ ಪಿರಮಿಡ್ಡುಗಳ ಅಡ್ಡ ಚಿತ್ರವೊಂದನ್ನು ಉದ್ದನೆಯ ಮುಖಪುಟಕ್ಕೆ ಹೊಂದಿಸುವ ಸಲುವಾಗಿ ಯಂತ್ರದ ನೆರವಿನಿಂದ ಪಿರಮಿಡ್ಡನ್ನೇ ಪಕ್ಕಕ್ಕೆ ಸರಿಸಿತು. ನಾಲ್ಕು ಸಾವಿರ ವರ್ಷಗಳಿಂದ ಕದಲದೆ ನಿಂತದ್ದು ಮುಖಪುಟದ ಅಗತ್ಯಕ್ಕಾಗಿ ಕದಲಿತು! ಪತ್ರಿಕೆ ಅದಕ್ಕಾಗಿ ಬಹಳ ಟೀಕೆಗೆ ಗುರಿಯಾಯಿತು. ಇನ್ನೊಂದು ಪ್ರಸಂಗ 1994ರದು. ಕೊಲೆಯ ಆರೋಪಕ್ಕೆ ಒಳಗಾಗಿದ್ದ ಕ್ರೀಡಾಪಟು ಓ. ಜೆ. ಸಿಂಪ್ಸನ್ನರ ಪೊಲೀಸ್ ಭಾವಚಿತ್ರವನ್ನು ಆ ವರ್ಷದ ಜೂನ್ ತಿಂಗಳಲ್ಲಿ ‘ಟೈಮ್’ ಮತ್ತು ‘ನ್ಯೂಸ್‌ವೀಕ್’ ವಾರಪತ್ರಿಕೆಗಳೆರಡೂ ಒಂದೇ ವಾರ ಮುಖಪುಟದಲ್ಲಿ ಮುದ್ರಿಸಿದವು. ‘ನ್ಯೂಸ್‌ವೀಕ್’ ಚಿತ್ರವನ್ನು ಇದ್ದಂತೆ ಮುದ್ರಿಸಿತ್ತು. ‘ಟೈಮ್’ ಮುಖವನ್ನು ಕಪ್ಪಾಗಿಸಿ ಸುತ್ತಲೂ ನೆರಳು ಕವಿಸಿತ್ತು. ಪತ್ರಿಕೆಯ ಅಂಗಡಿಗಳಲ್ಲಿ ಎರಡೂ ಅಕ್ಕಪಕ್ಕ ತೂಗಿದುದರಿಂದಲೇ ವ್ಯತ್ಯಾಸ ಎಲ್ಲರ ಕಣ್ಣಿಗೂ ಬಿದ್ದಿತು. ಒಂದು ಬಣ್ಣದ ಮನುಷ್ಯನನ್ನು ಇನ್ನಷ್ಟು ಕಪ್ಪಾಗಿಸಿ ಅಪರಾಧಿಯಂತೆ ತೋರಿಸಿದಿರೆಂದು ಜನ ರೊಚ್ಚಿಗೆದ್ದರು. ಮೊದಲಿನ ಚಿತ್ರ ಪಕ್ಕದಲ್ಲಿರದಿದ್ದರೆ ಈ ಅನ್ಯಾಯ ಯಾರಿಗೆ ತಿಳಿಯುತ್ತಿತ್ತು?

ಇಷ್ಟರಿಂದ, ತಿದ್ದದ ಚಿತ್ರವೆಂದರೆ ಸತ್ಯ, ತಿದ್ದಿದ ಚಿತ್ರವೆಂದರೆ ಸುಳ್ಳು ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಆದರೆ ಡಿಜಿಟಲ್ ಕ್ಯಾಮೆರಾದ ಅಂತರಂಗವನ್ನು ಬಲ್ಲವರಿಗೆ ಈ ತೀರ್ಮಾನವೂ ನಿಲ್ಲುವಂತಹುದಲ್ಲವೆಂದು ತಿಳಿದೀತು.

ಬೆಳಕನ್ನು ವಿದ್ಯುತ್ತಾಗಿ ಪರಿವರ್ತಿಸಿ ಚಿತ್ರ ಪಡೆಯಲು ದಾರಿ ಮಾಡಿಕೊಟ್ಟ ಸಾಧನವನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದರು. ಅದಕ್ಕಾಗಿ 2009ರಲ್ಲಿ ಅವರು ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. 1975ರಲ್ಲಿ ಕೊಡಾಕ್ ಸಂಸ್ಥೆಯ ಯುವಕ ಸ್ಟೀವನ್ ಸ್ಯಾಸನ್ ಕಟ್ಟಿದ ಕ್ಯಾಮೆರಾ ಸುಮಾರು ಮೂರೂವರೆ ಕಿಲೋಗ್ರಾಂ ತೂಗುತ್ತಿತ್ತು. ಅದರ ಚಿತ್ರದಲ್ಲಿದ್ದುದು ಕೇವಲ 10,000 ಬಿಂದುಗಳು. ಒಂದು ಚಿತ್ರವನ್ನು ಕ್ಯಾಸೆಟ್ ಪಟ್ಟಿಯ ಮೇಲೆ ದಾಖಲಿಸಲು 23 ಸೆಕೆಂಡುಗಳು ಬೇಕಾಗುತ್ತಿದ್ದವು. ಇಂದಿನ ಸಾಮಾನ್ಯ ಕ್ಯಾಮೆರಾದ ಸಂವೇದಕದಲ್ಲಿ 2 ಕೋಟಿ 40 ಲಕ್ಷ ಬಿಂದುಗಳಿರುವುದುಂಟು.

ಈ ಬಿಂದುಗಳು ಬೆಳಕಿನ ಪ್ರಮಾಣವನ್ನು ಅಳೆಯಬಲ್ಲವೇ ಹೊರತು ಬಣ್ಣವನ್ನು ಅರಿಯಲಾರವು. ಆದುದರಿಂದ ಪ್ರತಿಯೊಂದು ಬಿಂದುವಿನ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಒಂದು ಸೂಕ್ಷ್ಮ ಶೋಧಕವನ್ನು ಹೊದಿಸುತ್ತಾರೆ. ಅರ್ಧದಷ್ಟು ಬಿಂದುಗಳಿಗೆ ಹಸಿರು. ಉಳಿದರ್ಧದಲ್ಲಿ ಕೆಂಪು, ನೀಲಿ ಸಮಪಾಲು. ಕೊಡಾಕ್ ಸಂಸ್ಥೆಯವರೇ ಆದ ಬ್ರೈಸ್ ಬೇಯರ್ ಈ ಜೋಡಣೆಗೆ 1976ರಲ್ಲಿ ಹಕ್ಕುಪತ್ರ ಪಡೆದರು. ಹೀಗಾಗಿ ಒಂದೊಂದು ಬಿಂದುವಿಗೂ ಮೂರು ಬಣ್ಣಗಳಲ್ಲಿ ಒಂದೇ ಒಂದು ಮಾತ್ರ ನಿಜವಾಗಿ ಗೊತ್ತು. ಉಳಿದೆರಡನ್ನು ನೆರೆಹೊರೆಯ ಬಿಂದುಗಳನ್ನು ನೋಡಿ ಯಂತ್ರವು ಲೆಕ್ಕ ಹಾಕಿ ಊಹಿಸುತ್ತದೆ. ಎಂದರೆ ಇಂತಹ ಕ್ಯಾಮೆರಾದ ಬಣ್ಣದ ಚಿತ್ರದಲ್ಲಿ ಅಳೆದದ್ದು ಒಂದು ಪಾಲಾದರೆ ಊಹಿಸಿದ್ದು ಎರಡು ಪಾಲು! ಕ್ಯಾಮೆರಾದೊಳಗಿನ ಕಚ್ಚಾ ದಾಖಲೆಯನ್ನು ನಮ್ಮ ವೃತ್ತಿಯವರು ‘ರಾ’ ಕಡತವೆನ್ನುತ್ತಾರೆ. ಅದರಲ್ಲಿ ಕತ್ತಲೆಯಿಂದ ಬೆಳಕಿನವರೆಗಿನ ಛಾಯೆಗಳನ್ನು ಸಾಮಾನ್ಯವಾಗಿ 16,384 ಮೆಟ್ಟಿಲುಗಳಾಗಿ ಗುರುತಿಸಲು ಸಾಧ್ಯ. ನಾವು ಒಬ್ಬರಿಗೊಬ್ಬರು ಕಳುಹಿಸುವ ‘ಜೆಪೆಗ್’ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ ಇರುವುದು 256 ಮೆಟ್ಟಿಲುಗಳು ಮಾತ್ರ. ಯಾವ ಮೆಟ್ಟಿಲನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮನುಷ್ಯನಾಗಲಿ ಯಂತ್ರವಾಗಲಿ ನಿರ್ಧರಿಸಲೇಬೇಕು.

ಆದ್ದರಿಂದ ‘ತಿದ್ದುವ ಮುನ್ನ’ ಎಂದು ನಾವು ತೋರಿಸುವ ಚಿತ್ರವೂ ಆಕಾಶದಿಂದ ಇಳಿದು ಬಂದುದಲ್ಲ. ಅದನ್ನೂ ಒಬ್ಬರು ಮಾಡಿದ್ದಾರೆ. ಮೋಸಕ್ಕೆ ಅವಕಾಶವಿರುವುದು ಎರಡನೆಯ ಚಿತ್ರದಲ್ಲಿ ಮಾತ್ರವಲ್ಲ, ಮೊದಲನೆಯದರಲ್ಲಿಯೂ ಉಂಟು. ಈ ಮಾತಿಗೆ ನಮ್ಮ ವೃತ್ತಿಯಲ್ಲಿ ಸಾಕಷ್ಟು ಗಮನ ದೊರೆತಿಲ್ಲವೆಂದು ನನ್ನ ನಮ್ರ ಅಭಿಪ್ರಾಯ.

ಇಂದು ಅಂತರಜಾಲದಲ್ಲಿ ತಿದ್ದುವ ಕಲೆಯನ್ನು ವೃತ್ತಿಯಾಗಿ ಮಾಡಿಕೊಂಡವರು ತಮ್ಮ ಕೈಚಳಕವನ್ನು ಎರಡು ಚಿತ್ರಗಳ ಮೂಲಕ ತೋರಿಸಿ ಗಿರಾಕಿಗಳನ್ನು ಕರೆಯುತ್ತಾರೆ. ಅಂತಹ ಜೋಡಿಗಳನ್ನು ಎಚ್ಚರದಿಂದ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಮೊದಲನೆಯ ಚಿತ್ರ ಅನೇಕ ವೇಳೆ ಬೇಕೆಂದೇ ಕಳೆಗುಂದಿರುತ್ತದೆ. ಬೆಳಕು ಮಂಕು, ಬಣ್ಣ ಪೇಲವ, ಅಂಚಿನಲ್ಲಿ ಬೇಡದ ವಸ್ತುಗಳು. ಮೈ ಇಳಿಸುವ ಔಷಧಿಯ ಜಾಹೀರಾತಿನಲ್ಲಿ ಮೊದಲ ಚಿತ್ರದ ವ್ಯಕ್ತಿ ಬೆನ್ನು ಬಾಗಿಸಿ ಸಪ್ಪೆ ಮುಖದಲ್ಲಿ ನಿಂತಿರುವುದನ್ನೂ, ಎರಡನೆಯದರಲ್ಲಿ ಎದೆಯೆತ್ತಿ ನಗುತ್ತಿರುವುದನ್ನೂ ವಾಚಕರು ನೋಡಿಯೇ ಇರುತ್ತಾರೆ. ಅಲ್ಲಿ ಔಷಧಿಗಿಂತ ಹೆಚ್ಚು ಕೆಲಸ ಮಾಡಿರುವುದು ದೀಪವೂ ಭಂಗಿಯೂ. ತಿದ್ದುವವನೂ ಇದೇ ಉಪಾಯಕ್ಕೆ ಕೈ ಹಾಕಿದರೆ ಅವನ ಕುಶಲತೆಯ ಅಳತೆಗೋಲೇ ಮುರಿದಂತಾಗುತ್ತದೆ.

ಈ ಕಾರಣದಿಂದ ನಾನು ನನ್ನ ಕೆಲಸಕ್ಕೆ ಕೆಲವು ನಿಯಮಗಳನ್ನು ಹಾಕಿಕೊಂಡಿದ್ದೇನೆ. ನನ್ನ ಬಳಿ ಕಲಿಯಲು ಬಂದ ಹುಡುಗರಿಗೂ ಅವನ್ನೇ ಹೇಳಿಕೊಟ್ಟಿದ್ದೇನೆ. ಎರಡೂ ಚಿತ್ರಗಳು ಒಂದೇ ಕ್ಲಿಕ್ಕಿನಿಂದ ಬಂದಿರಬೇಕು. ಎರಡರ ಅಳತೆ, ಅಂಚು, ದಿಕ್ಕು ಒಂದೇ ಆಗಿರಬೇಕು. ಕಚ್ಚಾ ಕಡತವನ್ನು ಹಾಗೆಯೇ ಬೋಳಾಗಿ ಮುಂದಿಡದೆ, ಬೆಳಕಿನ ಪ್ರಮಾಣ ಮತ್ತು ಬಿಳಿಯ ಸಮತೋಲ ಇವೆರಡನ್ನೂ ಎರಡು ಚಿತ್ರಗಳಿಗೂ ಸಮನಾಗಿ ಹೊಂದಿಸಬೇಕು. ಇಲ್ಲದಿದ್ದರೆ ಕ್ಯಾಮೆರಾ ಮಾಡಬಹುದಾಗಿದ್ದ ಕೆಲಸದ ಕೀರ್ತಿಯನ್ನೂ ತಿದ್ದುವವನೇ ಕದ್ದಂತಾಗುತ್ತದೆ. ಇಡೀ ಚಿತ್ರದ ಜೊತೆಗೆ ಅದರ ಒಂದು ಭಾಗವನ್ನು ಹಿಗ್ಗಿಸಿ ತೋರಿಸಬೇಕು. ಅಂಗೈಯಗಲದ ಪರದೆಯಲ್ಲಿ ಚರ್ಮದ ಸೂಕ್ಷ್ಮ ರೇಖೆಗಳು ಕಾಣುವುದಿಲ್ಲ. ಒರಟು ಕೆಲಸವೂ ನಯವಾಗಿ ಕಂಡು ನೋಡುವವರನ್ನು ವಂಚಿಸುತ್ತದೆ. ಏನನ್ನು ತೆಗೆದೆ, ಏನನ್ನು ಸೇರಿಸಿದೆ ಎಂಬುದನ್ನು ಕೆಳಗೆ ಒಂದೆರಡು ಸಾಲಿನಲ್ಲಿ ಬರೆಯಬೇಕು. ಇವೆಲ್ಲಕ್ಕೂ ಮಿಗಿಲಾಗಿ ಮೂಲ ಕಡತವನ್ನು ಮುಟ್ಟದೆ ಕಾಪಾಡಬೇಕು. ತಿದ್ದುವ ಕೆಲಸವೆಲ್ಲ ಅದರ ಪ್ರತಿಯ ಮೇಲೆ ನಡೆಯಬೇಕು.

ಈಚೆಗೆ ಬೆರಳಿನಿಂದ ಎಳೆದರೆ ಅತ್ತಿತ್ತ ಸರಿಯುವ ಒಂದು ಗೆರೆಯನ್ನಿಟ್ಟು, ಗೆರೆಯ ಎಡಕ್ಕೆ ಹಳೆಯದನ್ನೂ ಬಲಕ್ಕೆ ಹೊಸದನ್ನೂ ತೋರಿಸುವ ವಿಧಾನ ಬಹಳ ಪ್ರಚಾರದಲ್ಲಿದೆ. ಮಕ್ಕಳು ಅದನ್ನು ಎಳೆದು ನೋಡಿ ಸಂತೋಷಪಡುತ್ತಾರೆ. ಒಂದೊಂದು ಕಲೆಯೂ ಹೇಗೆ ಮಾಯವಾಯಿತೆಂದು ತಿಳಿಯಲು ಅದು ಉತ್ತಮ ಸಾಧನವೇ ಸರಿ. ಆದರೆ ಎರಡೂ ಚಿತ್ರಗಳು ಪೂರ್ತಿಯಾಗಿ ಒಮ್ಮೆಲೆ ಕಣ್ಣಿಗೆ ಬೀಳುವುದೇ ಇಲ್ಲ. ಗೆರೆ ಸರಿಯುವ ಚಮತ್ಕಾರದಲ್ಲಿ ವಿವೇಚನೆ ಹಿಂದೆ ಬೀಳುತ್ತದೆ. ಆದುದರಿಂದ ಪ್ಯಾರಿಸ್ಸಿನಲ್ಲಿ ಮಾಡಿದಂತೆ ಅಕ್ಕಪಕ್ಕದಲ್ಲಿಟ್ಟು ತೋರಿಸುವುದೇ ನನಗೆ ಮೆಚ್ಚುಗೆಯಾದದ್ದು.

ಇವು ಹಳ್ಳಿಯ ಸ್ಟುಡಿಯೋದವನೊಬ್ಬನ ಮಡಿವಂತಿಕೆಯೆಂದು ಯಾರೂ ಭಾವಿಸಬಾರದು. ಜಗತ್ತು ಈಗ ಇದೇ ದಾರಿಗೆ ಬರುತ್ತಿದೆ. ಫ್ರಾನ್ಸ್ ದೇಶದಲ್ಲಿ 2017ರ ಅಕ್ಟೋಬರ್ 1ರಿಂದ, ರೂಪದರ್ಶಿಗಳ ಮೈಕಟ್ಟನ್ನು ತಿದ್ದಿದ ಜಾಹೀರಾತಿನ ಚಿತ್ರಗಳ ಮೇಲೆ ‘ತಿದ್ದಿದ ಛಾಯಾಚಿತ್ರ’ ಎಂದು ಮುದ್ರಿಸುವುದು ಕಡ್ಡಾಯವಾಯಿತು. ನಾರ್ವೆ ದೇಶವು 2022ರ ಜುಲೈ 1ರಿಂದ ಇಂತಹುದೇ ಕಾನೂನನ್ನು ಜಾರಿಗೆ ತಂದಿತು. ‘ವರ್ಲ್ಡ್ ಪ್ರೆಸ್ ಫೋಟೋ’ ಸ್ಪರ್ಧೆಯಲ್ಲಿ ಕೊನೆಯ ಹಂತ ಮುಟ್ಟುವ ಚಿತ್ರಗಳ ಮೂಲ ಕಡತಗಳನ್ನು ತರಿಸಿಕೊಂಡು ಹೋಲಿಸಿ ನೋಡುತ್ತಾರೆ. 2015ರ ಸ್ಪರ್ಧೆಯಲ್ಲಿ ಹೀಗೆ ಹೋಲಿಸಿದಾಗ ಉಪಾಂತ್ಯ ಸುತ್ತಿಗೆ ಬಂದಿದ್ದ ಚಿತ್ರಗಳಲ್ಲಿ ನೂರಕ್ಕೆ ಇಪ್ಪತ್ತರಷ್ಟು ಅನರ್ಹಗೊಂಡವು. ಚಿತ್ರವು ಯಾವ ಕ್ಯಾಮೆರಾದಿಂದ ಬಂದಿತು, ಅನಂತರ ಅದಕ್ಕೆ ಏನೇನು ಮಾಡಲಾಯಿತು ಎಂಬ ವಿವರವನ್ನು ಚಿತ್ರದೊಳಗೇ ಮೊಹರು ಮಾಡಿಡುವ ವ್ಯವಸ್ಥೆಯೂ ಬಂದಿದೆ. 2023ರ ಅಕ್ಟೋಬರಿನಲ್ಲಿ ಹೊರಬಂದ ಲೈಕಾ ಎಂ 11-ಪಿ ಈ ಅನುಕೂಲವನ್ನು ತನ್ನೊಳಗೆ ಹೊಂದಿದ ಮೊದಲ ಕ್ಯಾಮೆರಾ. ನನ್ನ ಗುರುಗಳು ಲಕೋಟೆಯಲ್ಲಿಡುತ್ತಿದ್ದ ಬ್ರೋಮೈಡ್ ತುಂಡು ಮತ್ತೊಂದು ರೂಪದಲ್ಲಿ ಮರಳಿ ಬಂದಿದೆ ಎನ್ನೋಣ.

ಇನ್ನು ನಮ್ಮ ಶಾಲೆಯ ಚಿತ್ರಗಳ ವಿಷಯಕ್ಕೆ ಬರುತ್ತೇನೆ.

ಕಚೇರಿಯ ಗೋಡೆಯಲ್ಲಿಯೂ ಉಗ್ರಾಣದ ಅಟ್ಟದಲ್ಲಿಯೂ ಇದ್ದ ಚಿತ್ರಗಳನ್ನೆಲ್ಲ ಒಟ್ಟುಗೂಡಿಸಿದಾಗ ಅನೇಕವು ಜೀರ್ಣಾವಸ್ಥೆಯಲ್ಲಿದ್ದವು. ಮಳೆಗಾಲದ ತೇವದಿಂದ ಕೆಲವು ಚಿತ್ರಗಳು ಕಟ್ಟಿನ ಗಾಜಿಗೇ ಅಂಟಿಕೊಂಡಿದ್ದವು. ಅಂತಹವನ್ನು ಎಳೆದರೆ ಚಿತ್ರದ ಲೇಪ ಗಾಜಿನೊಡನೆ ಕಿತ್ತುಬರುತ್ತದೆ. ಆದುದರಿಂದ ಗಾಜಿನ ಮೂಲಕವೇ ಪ್ರತಿ ತೆಗೆಯಬೇಕಾಯಿತು. ಕ್ಯಾಮೆರಾವನ್ನು ಕಂಬಕ್ಕೆ ಬಿಗಿದು ನೇರ ಕೆಳಮುಖವಾಗಿಸಿ, ಸಮೀಪದ ವಸ್ತುಗಳಿಗೆಂದೇ ಇರುವ ಮ್ಯಾಕ್ರೋ ಮಸೂರ ಜೋಡಿಸಿ, ಎರಡು ಬದಿಗಳಿಂದ 45 ಡಿಗ್ರಿ ಕೋನದಲ್ಲಿ ಸಮನಾದ ಬೆಳಕು ಬೀಳುವಂತೆ ಮಾಡಿ, ಗಾಜಿನ ಹೊಳಪನ್ನು ತಡೆಯಲು ದೀಪಗಳಿಗೂ ಮಸೂರಕ್ಕೂ ಧ್ರುವಕಗಳನ್ನು ಅಳವಡಿಸಿದೆ. ಬೆರಳಿನ ಒತ್ತಡದಿಂದ ಕ್ಯಾಮೆರಾ ನಡುಗದಂತೆ ಎರಡು ಸೆಕೆಂಡು ತಡೆದು ತಾನಾಗಿ ಕ್ಲಿಕ್ಕಾಗುವಂತೆ ಹೊಂದಿಸಿದ್ದೆ. ಪ್ರತಿಯೊಂದು ಚಿತ್ರದ ಪಕ್ಕದಲ್ಲಿಯೂ ಅಳತೆಪಟ್ಟಿಯನ್ನೂ ಬೂದುಬಣ್ಣದ ರಟ್ಟನ್ನೂ ಇಟ್ಟಿದ್ದೆ. ಮುಂದೆ ಬರುವವರಿಗೆ ಗಾತ್ರ ಮತ್ತು ವರ್ಣ ತಿಳಿಯುವುದು ಇವುಗಳಿಂದಲೇ. ಗೀರು, ಮಡಿಕೆ, ಕೊಳೆಯ ಕಲೆ ಇವುಗಳನ್ನು ಗಣಕಯಂತ್ರದಲ್ಲಿ ನೆರೆಯ ಭಾಗದ ಛಾಯೆಯಿಂದ ತುಂಬಿ ಸರಿಪಡಿಸಿದೆ. ಅಲ್ಲಿಯವರೆಗೆ ಯಾವ ಧರ್ಮಸಂಕಟವೂ ಇರಲಿಲ್ಲ.

ಸಂಕಟ ಬಂದದ್ದು ಅರವತ್ತು ವರ್ಷಕ್ಕೂ ಹಿಂದಿನ ಎಸ್.ಎಸ್.ಎಲ್.ಸಿ. ತರಗತಿಯ ಸಾಮೂಹಿಕ ಚಿತ್ರದಲ್ಲಿ. ಹಿಂದಿನ ಸಾಲಿನ ಎಡದಿಂದ ಮೂರನೆಯ ಹುಡುಗನ ಮುಖವಿದ್ದ ಜಾಗವನ್ನು ಹುಳು ಪೂರ್ತಿಯಾಗಿ ತಿಂದುಹಾಕಿತ್ತು. ಕೊರಳಪಟ್ಟಿ, ಭುಜ, ಕಟ್ಟಿಕೊಂಡ ಕೈ ಉಳಿದಿದ್ದವು. ಮುಖವಿರಬೇಕಾದಲ್ಲಿ ರಟ್ಟು ಕಾಣುತ್ತಿತ್ತು. ವಿದ್ಯಾರ್ಥಿನಿಲಯದಲ್ಲಿದ್ದು ಓದಿದ ಆ ಹುಡುಗ ತೀರಾ ಚಿಕ್ಕ ವಯಸ್ಸಿನಲ್ಲಿಯೇ ತೀರಿಹೋದನೆಂದೂ, ಅವನ ತಮ್ಮ ಸಮೀಪದ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿರುವರೆಂದೂ, ಆ ಮನೆಯಲ್ಲಿ ಅಣ್ಣನ ಬೇರೆ ಯಾವ ಚಿತ್ರವೂ ಇಲ್ಲವೆಂದೂ ಹಿರಿಯರೊಬ್ಬರಿಂದ ತಿಳಿಯಿತು.

ಈ ಸಂಚಿಕೆಯ ಮುದ್ರಣಕ್ಕೆ ಉದಾರವಾಗಿ ನೆರವಾದ ಹಳೆಯ ವಿದ್ಯಾರ್ಥಿಗಳೊಬ್ಬರು ಆ ಜಾಗವನ್ನು ತುಂಬಿಸಬೇಕೆಂದು ಆಗ್ರಹಪಟ್ಟರು. “ಹರಿದ ಬಟ್ಟೆಗೆ ತೇಪೆ ಹಾಕುವುದು ತಪ್ಪೇನ್ರಿ? ಮುಖವಿಲ್ಲದ ಹುಡುಗನನ್ನು ಅಚ್ಚು ಹಾಕಿಸಿದರೆ ಅವನ ಮನೆಯವರಿಗೆ ನೋವಾಗುವುದಿಲ್ಲವೇ?” ಎಂದು ಅವರು ಕೇಳಿದರು. ಅವರ ಮಾತಿನಲ್ಲಿ ಆಡಂಬರವಿರಲಿಲ್ಲ, ಅಂತಃಕರಣವೇ ಇತ್ತು. ಮೇಲಾಗಿ, 2023ರಿಂದೀಚೆಗೆ ತಿದ್ದುವ ಸಾಧನಗಳಲ್ಲಿ ಸೇರಿಕೊಂಡ ಕೃತಕ ಬುದ್ಧಿಮತ್ತೆಗೆ ಇದು ನಿಮಿಷದ ಕೆಲಸ. ಅವರ ಅಪೇಕ್ಷೆಯಂತೆ ನನ್ನ ಸಹಾಯಕ ಹುಡುಗನು ಆ ಜಾಗವನ್ನು ಗುರುತಿಸಿ ಯಂತ್ರಕ್ಕೆ ಒಪ್ಪಿಸಿದ. ಒಂದೊಂದಾಗಿ ನಾಲ್ಕು ಮುಖಗಳು ಬಂದವು. ನಾಲ್ಕೂ ಸುಂದರವಾಗಿದ್ದವು, ಅಂದಿನ ಹುಡುಗರಂತೆಯೇ ಇದ್ದವು, ಬೆಳಕು ನೆರಳು ಹೊಂದಿಕೊಂಡಿದ್ದವು. ಆದರೆ ನಾಲ್ವರೂ ಬೇರೆಬೇರೆ ಹುಡುಗರು! ಒಬ್ಬನೇ ಮನುಷ್ಯನಿಗೆ ನಾಲ್ಕು ಮುಖಗಳನ್ನು ಕೊಡಬಲ್ಲ ಸಾಧನಕ್ಕೆ ಅವನ ನಿಜವಾದ ಮುಖ ಗೊತ್ತಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ದಾನಿಗಳ ತೇಪೆಯ ಮಾತಿಗೆ ನಾನು ವಿನಯದಿಂದ ಇಷ್ಟನ್ನೇ ಹೇಳಿದೆ: ತೇಪೆಯು ತಾನು ತೇಪೆಯೆಂದು ಮುಚ್ಚಿಡುವುದಿಲ್ಲ. ಕಲಾಕೃತಿಗಳ ಜೀರ್ಣೋದ್ಧಾರಕ್ಕಾಗಿ ರೋಮ್ ನಗರದಲ್ಲಿ 1939ರಲ್ಲಿ ಸ್ಥಾಪನೆಯಾದ ಸಂಸ್ಥೆಯ ಮೊದಲ ನಿರ್ದೇಶಕರಾದ ಚೆಸಾರೆ ಬ್ರಾಂದಿಯವರು ಇದೇ ತತ್ತ್ವವನ್ನು ಬೋಧಿಸಿದರು. ಹಾಳಾದ ಭಿತ್ತಿಚಿತ್ರದ ಖಾಲಿ ಜಾಗವನ್ನು ಅವರ ಪದ್ಧತಿಯಲ್ಲಿ ಸೂಕ್ಷ್ಮವಾದ ಉದ್ದುದ್ದ ಗೆರೆಗಳಿಂದ ತುಂಬುತ್ತಾರೆ. ದೂರದಿಂದ ನೋಡುವವರಿಗೆ ಚಿತ್ರ ಅಖಂಡವಾಗಿ ಕಾಣುತ್ತದೆ. ಹತ್ತಿರ ಬಂದವರಿಗೆ ಮೂಲ ಯಾವುದು, ತುಂಬಿದ್ದು ಯಾವುದು ಎಂದು ತಾನಾಗಿ ತಿಳಿಯುತ್ತದೆ. ಯಂತ್ರವು ಬರೆದ ಮುಖಕ್ಕೆ ಈ ಸೌಜನ್ಯವಿಲ್ಲ. ಅದು ಹತ್ತಿರದಿಂದಲೂ ನಿಜವೆಂದೇ ಸಾಧಿಸುತ್ತದೆ.

ಕೊನೆಗೆ ಆ ತಮ್ಮನವರನ್ನೇ ಕೇಳುವುದೆಂದು ಎಲ್ಲರೂ ಒಪ್ಪಿದೆವು. ಅವರು ಬಂದರು. ಪರದೆಯ ಮೇಲೆ ನಾಲ್ಕು ಮುಖಗಳನ್ನೂ ನಿಧಾನವಾಗಿ ನೋಡಿದರು. “ಇವ್ರೊಳಗ ಯಾರೂ ನಮ್ಮಣ್ಣ ಅಲ್ರಿ” ಎಂದರು. ಅನಂತರ ತಿದ್ದದ ಚಿತ್ರವನ್ನು ಕೇಳಿ, ಅದನ್ನು ಬಹಳ ಹೊತ್ತು ದಿಟ್ಟಿಸಿ, “ನಿಂತಿದ್ದು ಮಾತ್ರ ಅವಂದ ಐತ್ರಿ. ಒಂದು ಹೆಗಲು ಒಂಚೂರು ಕೆಳಗ ಬಿಟ್ಟು ನಿಲ್ಲಾಂವ” ಎಂದು ಹೇಳಿ, ಅದರದೇ ಒಂದು ಪ್ರತಿ ಬೇಕೆಂದು ಪಡೆದುಕೊಂಡು ಹೋದರು. ನಮ್ಮ ದಾನಿಗಳು ಮತ್ತೆ ಮಾತೆತ್ತಲಿಲ್ಲ. ಎರಡೂ ಚಿತ್ರಗಳನ್ನು ಎದುರುಬದುರು ಪುಟಗಳಲ್ಲಿ ಮುದ್ರಿಸಲು ತಗಲುವ ಹೆಚ್ಚಿನ ವೆಚ್ಚವನ್ನು ತಾವೇ ಭರಿಸುವುದಾಗಿ ಅಂದೇ ತಿಳಿಸಿದರು. ಅವರ ದೊಡ್ಡತನಕ್ಕೆ ನಾನು ಋಣಿ.

ಹೀಗೆ ಈ ಸಂಚಿಕೆಯಲ್ಲಿ ತಿದ್ದಿದ ಪ್ರತಿಯೊಂದು ಚಿತ್ರದ ಕೆಳಗೂ ಏನನ್ನು ಸರಿಪಡಿಸಲಾಗಿದೆಯೆಂದು ಬರೆದಿದೆ. ತಿದ್ದುವ ಮುನ್ನಿನ ಕಡತಗಳನ್ನೂ ತಿದ್ದಿದವುಗಳನ್ನೂ ಬೇರೆಬೇರೆಯಾಗಿ ಹೆಸರಿಸಿ, ಮೂರು ಪ್ರತಿಗಳನ್ನು ಮಾಡಿ, ಒಂದನ್ನು ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಲಾಗಿದೆ. ಆ ಸಾಮೂಹಿಕ ಚಿತ್ರದಲ್ಲಿ ಗೀರುಗಳು ಹೋಗಿವೆ, ಕೊಳೆ ಹೋಗಿದೆ. ಹಿಂದಿನ ಸಾಲಿನಲ್ಲಿ ಒಂದು ಮುಖದ ಜಾಗ ಮಾತ್ರ ಬೂದುಬಣ್ಣದಲ್ಲಿ ಖಾಲಿಯಾಗಿದೆ.

ವಾಚಕ ಮಹಾಶಯರಲ್ಲಿ, ಅದರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿ, ನನ್ನ ಕೆಲವು ಬಿನ್ನಹಗಳಿವೆ. ಹಳೆಯ ಚಿತ್ರಗಳ ಪ್ರತಿ ಮೊಬೈಲಿನಲ್ಲಿ ಬಂದಿತೆಂದು ಮೂಲವನ್ನು ಎಸೆಯಬೇಡಿರಿ. ಗಾಜಿಗೆ ಅಂಟಿದ್ದನ್ನು ಎಳೆಯಬೇಡಿರಿ. ಚಿತ್ರದ ಬೆನ್ನಿಗೆ ಮೆತ್ತನೆಯ ಪೆನ್ಸಿಲ್ಲಿನಿಂದ ಹಗುರವಾಗಿ ಹೆಸರು, ವರ್ಷ, ಊರು ಬರೆದಿಡಿರಿ. ಶಾಯಿಯಿಂದ ಬರೆದರೆ ಅದು ಕಾಲಾಂತರದಲ್ಲಿ ಮುಂದಿನ ಬದಿಗೆ ಇಳಿಯುತ್ತದೆ. ತಿದ್ದಿಸುವುದಾದರೆ ಧಾರಾಳವಾಗಿ ತಿದ್ದಿಸಿರಿ, ಆದರೆ ತಿದ್ದದ್ದನ್ನೂ ಜೊತೆಯಲ್ಲಿಡಿರಿ.

ಕೊನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಅಂದಿನ ದಿನಗಳಲ್ಲಿ ಸಾಮೂಹಿಕ ಚಿತ್ರದ ಒಂದೊಂದು ಪ್ರತಿಯನ್ನು ಹಣ ಕೊಟ್ಟು ಪಡೆದ ವಿದ್ಯಾರ್ಥಿಗಳು ಹಲವರಿದ್ದರು. ಅವುಗಳಲ್ಲಿ ಒಂದಾದರೂ ಯಾರದೋ ಮನೆಯ ಟ್ರಂಕಿನ ತಳದಲ್ಲಿ, ಯಾರದೋ ದೇವರ ಕೋಣೆಯ ಗೋಡೆಯಲ್ಲಿ ಈಗಲೂ ಇದ್ದೀತು. ನಾವು ಆ ಜಾಗದಲ್ಲಿ ಬೇರೊಂದು ಮುಖವನ್ನು ತುಂಬಿಸಿದ್ದರೆ ಯಾರೂ ಅದನ್ನು ಹುಡುಕುತ್ತಿರಲಿಲ್ಲ. ಖಾಲಿ ಬಿಟ್ಟಿರುವುದರಿಂದ ಹುಡುಕಬಹುದಾಗಿದೆ. ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ನೋಡಿರಿ. ಎದುರುಬದುರು ಪುಟಗಳಲ್ಲಿರುವ ಚಿತ್ರವನ್ನು ಅವರಿಗೆ ತೋರಿಸಿರಿ. ಹಿಂದಿನ ಸಾಲು, ಎಡದಿಂದ ಮೂರನೆಯವನು. ದೊರೆತವರು ಶಾಲೆಯ ಕಚೇರಿಗೆ ಒಂದು ಮಾತು ತಿಳಿಸಿದರೆ, ಕ್ಯಾಮೆರಾ ಹೊತ್ತು ಅವರ ಮನೆಯ ಬಾಗಿಲಿಗೆ ಬರಲು ನಾನು ಸಿದ್ಧನಿದ್ದೇನೆ.